ಖಾಲಿ ಬಿಟ್ಟ ಮೂರು ಮನೆಗಳು

ಸತ್ತವರ ಹೆಸರಿಗೆ ಬಂದ ಕಾಗದವನ್ನು ಒಡೆದು ಓದಬಾರದು ಎಂದು ನಮ್ಮ ಮನೆಯಲ್ಲಿ ಯಾರಾದರೂ ಹೇಳಿದ್ದರೋ ಇಲ್ಲವೋ ನೆನಪಿಲ್ಲ. ಹೇಳಿದ್ದರೂ ಆ ನಿಯಮ ಇ-ಮೇಲ್‌ಗೆ ಅನ್ವಯಿಸುತ್ತದೆಯೇ ಎಂದು ಕೇಳುವುದಕ್ಕೆ ಈಗ ಅವರಾರೂ ಉಳಿದಿಲ್ಲ. ಫೆಬ್ರುವರಿಯ ಒಂದು ಬೆಳಿಗ್ಗೆ, ಜರ್ಮನಿಯ ಕಲೋನ್ ನಗರದ ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕಾಫಿ ಲೋಟ ಹಿಡಿದು ಕೂತಿದ್ದಾಗ ನನ್ನ ಇನ್‌ಬಾಕ್ಸಿಗೆ ಜರ್ಮನ್ ಭಾಷೆಯ ಒಂದು ಪತ್ರ ಬಂತು. ‘ಮಾನ್ಯ ಪ್ರೊಫೆಸರ್ ಅವರಿಗೆ’ ಎಂದು ಶುರುವಾಗಿತ್ತು. ಪ್ರೊಫೆಸರ್ ನಾನಲ್ಲ. ಪ್ರೊಫೆಸರ್ ತೀರಿಕೊಂಡು ಆಗಲೇ ಹನ್ನೊಂದು ತಿಂಗಳಾಗಿತ್ತು.

ಅವರ ಕೊನೆಯ ಲೇಖನವನ್ನು ಟೈಪ್ ಮಾಡಿಕೊಟ್ಟವಳು ನಾನು. ಅವರು ಇ-ಮೇಲ್ ನೋಡುವುದನ್ನು ಬಿಟ್ಟು ವರ್ಷಗಳಾಗಿದ್ದರಿಂದ ಲೇಖನದ ಅಡಿಯಲ್ಲಿ ನನ್ನ ವಿಳಾಸವನ್ನೇ ಕೊಟ್ಟಿದ್ದೆವು. ಬರೆದವಳು ಬೇರೊಂದು ಊರಿನ ಯೂನಿವರ್ಸಿಟಿಯ ಸಂಶೋಧಕಿ. ಲೇಖನವೊಂದನ್ನೇ ಬಿಡಿಯಾಗಿ ಓದಿದ್ದಳೆಂದು ಕಾಣುತ್ತದೆ, ಅವರು ತೀರಿಕೊಂಡದ್ದು ಅವಳಿಗೆ ಗೊತ್ತಿರಲಿಲ್ಲ. ತುಂಬ ಮರ್ಯಾದೆಯ ಪತ್ರ. ‘ನಿಮ್ಮ ಲೇಖನದ ದೊಡ್ಡ ಮ್ಯಾಟ್ರಿಕ್ಸಿನ ಕೆಳಗೆ, ಖಾಲಿ ಇರುವ ಮೂರು ಸ್ಥಾನಗಳು ಇನ್ನೂ ತೀರ್ಮಾನವಾಗಿಲ್ಲ ಎಂದು ಬರೆದಿದ್ದೀರಿ. ಆದರೆ ಅಚ್ಚಾದ ಮ್ಯಾಟ್ರಿಕ್ಸಿನಲ್ಲಿ ನನಗೆ ಒಂದೂ ಖಾಲಿ ಸ್ಥಾನ ಕಾಣುತ್ತಿಲ್ಲ. ಹನ್ನೊಂದನೆಯ ಸಾಲಿನ ಒಂದು ಸ್ಥಾನದ ಮೇಲೆ ನಾನು ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಿಮ್ಮಲ್ಲಿ ಅದು ಸೊನ್ನೆ. ನನಗೆ ಒಂದು ಬರುತ್ತಿದೆ. ಐದು ತಿಂಗಳಿಂದ ನನ್ನ ತಪ್ಪನ್ನು ಹುಡುಕುತ್ತಿದ್ದೇನೆ. ಅದು ಎಲ್ಲಿದೆ ಎಂದು ದಯವಿಟ್ಟು ತೋರಿಸಿಕೊಡುವಿರಾ?’

ಪತ್ರವನ್ನು ಮೂರು ಸಲ ಓದಿದೆ. ಕಾಫಿ ಆರಿ ಕೆನೆ ಕಟ್ಟಿತು. ಅವಳ ತಪ್ಪು ಎಲ್ಲಿದೆ ಎಂದು ಇಡೀ ಜರ್ಮನಿಯಲ್ಲಿ ಗೊತ್ತಿದ್ದದ್ದು ನನ್ನೊಬ್ಬಳಿಗೆ. ಅದು ಅವಳ ಲೆಕ್ಕದಲ್ಲಿರಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿತ್ತು.

ಮ್ಯಾಟ್ರಿಕ್ಸ್ ಎಂದೊಡನೆ ಗಾಬರಿಯಾಗಬೇಕಿಲ್ಲ. ಚೌಕಾಬಾರದ ಮಣೆಯ ಹಾಗೆ ಅಡ್ಡ ಸಾಲು, ಕಂಬ ಸಾಲು; ಒಂದೊಂದು ಮನೆಯಲ್ಲಿ ಒಂದೊಂದು ಅಂಕಿ; ಎರಡು ಬದಿಗೆ ಎರಡು ಎತ್ತರದ ಕಂಸ. ಅದನ್ನು ಕಂಪ್ಯೂಟರಿನಲ್ಲಿ ಕೂರಿಸುವುದಕ್ಕೆ ಲೇಟೆಕ್ ಎಂಬ ಬರಹದ ಕ್ರಮವಿದೆ. ಅದರಲ್ಲಿ ಅಂಕಿಗಳನ್ನು ಕೈಯಿಂದ ಎಳೆದು ಜೋಡಿಸುವುದಿಲ್ಲ, ಬರೆದು ಹೇಳುತ್ತೇವೆ. ಇಲ್ಲಿಂದ ಮ್ಯಾಟ್ರಿಕ್ಸ್ ಶುರು, ಇಲ್ಲಿಗೆ ಮುಗಿಯಿತು. ಒಂದು ಮನೆಗೂ ಪಕ್ಕದ ಮನೆಗೂ ನಡುವೆ & ಎಂಬ ಗೋಡೆ. ಸಾಲು ಮುಗಿದಾಗ ಹಿಂದಕ್ಕೆ ವಾಲಿದ ಎರಡು ಗೀಟು. ಒಂದು & ಕೈತಪ್ಪಿದರೆ ಆ ಸಾಲಿನ ಅಂಕಿಗಳೆಲ್ಲ ಒಂದೊಂದು ಮನೆ ಪಕ್ಕಕ್ಕೆ ಸರಿದು ಕೂರುತ್ತವೆ. ಎರಡು & ನಡುವೆ ಏನೂ ಬರೆಯದಿದ್ದರೆ ಆ ಮನೆ ಖಾಲಿ. ಇನ್ನೊಂದು ಅನುಕೂಲವೂ ಉಂಟು: ಶೇಕಡಾ ಚಿಹ್ನೆ ಹಾಕಿ ಅದರ ಮುಂದೆ ಬರೆದದ್ದು ಫೈಲಿನಲ್ಲಿ ಉಳಿಯುತ್ತದೆ, ಅಚ್ಚಿಗೆ ಬರುವುದಿಲ್ಲ. ನಮ್ಮಂಥವರು ಗೊಣಗಿಕೊಳ್ಳುವುದು ಅಲ್ಲಿ.

ಈ ಕೆಲಸ ಕಲಿತದ್ದು ಬೆಂಗಳೂರಿನ ಒಂದು ಟೈಪ್‌ಸೆಟ್ಟಿಂಗ್ ಕಂಪನಿಯಲ್ಲಿ. ಹೊರದೇಶದ ಗಣಿತ ಪತ್ರಿಕೆಗಳ ಪುಟಗಳನ್ನು ನಾವು ಮೂವತ್ತು ಜನ ಸಾಲಾಗಿ ಕೂತು ಕಂಪೋಸ್ ಮಾಡುತ್ತಿದ್ದೆವು. ಗಣಿತ ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ, ಬರಬೇಕೆಂದು ಯಾರೂ ಹೇಳಲೂ ಇಲ್ಲ. ಓದುತ್ತಾ ಕೂತರೆ ಪುಟ ಮುಗಿಯುವುದಿಲ್ಲ ಎಂದು ಸೂಪರ್‌ವೈಸರ್ ಬೈಯುತ್ತಿದ್ದರು. ಅವರದೊಂದು ಮಂತ್ರವಿತ್ತು: “ಮನೆ ಖಾಲಿ ಬಿಟ್ರೆ ಇಲ್ಲೇನು ಅಂತ ಕ್ವೆರಿ ಬರುತ್ತೆ. ಕ್ವೆರಿ ಬಂದ್ರೆ ಪುಟ ವಾಪಸ್ ಬರುತ್ತೆ. ಸುಮ್ನೆ ಝೀರೋ ಹಾಕಿ ಕಳಿಸಮ್ಮ.” ಹೆಚ್ಚಿನ ಸಲ ಅದು ಸರಿಯಾಗಿಯೇ ಇರುತ್ತಿತ್ತು. ಗಣಿತದವರು ಬರೆಯುವುದರಲ್ಲಿ ಸೋಮಾರಿಗಳು. ಸೊನ್ನೆ ಇರಬೇಕಾದ ಕಡೆ ಖಾಲಿ ಬಿಡುತ್ತಾರೆ, ಇಲ್ಲವೇ ಒಂದು ಚುಕ್ಕೆ ಇಟ್ಟು ಮುಂದಕ್ಕೆ ಹೋಗುತ್ತಾರೆ.

ಅದಕ್ಕೂ ಮುಂಚೆ ಮೈಸೂರಿನ ಮನೆಯಲ್ಲಿ ಅಮ್ಮ ಕಲಿಸಿದ್ದೊಂದಿತ್ತು. ಯಾರಾದರೂ ತಿಂಡಿ ಹಾಕಿ ಕಳಿಸಿದ ಡಬ್ಬಿಯನ್ನು ಖಾಲಿ ಹಿಂತಿರುಗಿಸಬಾರದು. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಬೇಕು. ಒಮ್ಮೆ ಅವಸರದಲ್ಲಿ ಪಕ್ಕದ ಮನೆಯ ಡಬ್ಬಿಯನ್ನು ತೊಳೆದು ಹಾಗೇ ಕೊಟ್ಟು ಬಂದಿದ್ದಕ್ಕೆ ಅಮ್ಮ ನನ್ನನ್ನು ಸಕ್ಕರೆ ಪೊಟ್ಟಣದ ಸಮೇತ ಮತ್ತೆ ಅಟ್ಟಿದ್ದಳು. ನಾಚಿಕೆಯಿಂದ ಸಾಯುವ ಹಾಗಾಗಿತ್ತು. ಖಾಲಿ ಎಂದರೆ ಮರ್ಯಾದೆ ಹೋಗುವ ಸಂಗತಿ ಎಂದು ನನ್ನ ಕೈಗಳಿಗೆ ಎರಡೆರಡು ಸಲ ಪಾಠವಾಗಿದೆ.

ಪ್ರೊಫೆಸರ್ ಧಾರವಾಡದವರು. ಐವತ್ತು ವರ್ಷದ ಹಿಂದೆ ಕಲೋನಿಗೆ ಬಂದು, ಇಲ್ಲೇ ಪಾಠ ಹೇಳಿ, ಇಲ್ಲೇ ನಿವೃತ್ತರಾದವರು. ಅವರ ಪರಿಚಯವಾದದ್ದು ಯುಗಾದಿಯ ಊಟದಲ್ಲಿ. ಇಲ್ಲಿನ ಕನ್ನಡದವರು ಚರ್ಚಿನ ಸಭಾಂಗಣವೊಂದನ್ನು ಬಾಡಿಗೆಗೆ ಹಿಡಿದು ಹೋಳಿಗೆ ಬಡಿಸುತ್ತಾರೆ. ಅಲ್ಲಿ ಬಿಳಿ ತಲೆಯ ಒಬ್ಬರು ನನ್ನೆದುರು ಬಂದು ನಿಂತು, “ನೀ ಮ್ಯಾಟ್ರಿಕ್ಸ್ ಬಡೀತೀಯಂತ, ಹೌದೇನು ತಂಗಿ?” ಎಂದು ಕೇಳಿದರು. ಅವರ ಕಡೆ ಟೈಪ್ ಮಾಡುವುದಕ್ಕೆ ಬಡಿಯುವುದು ಎನ್ನುತ್ತಾರೆ. ನಾನು ನಗುತ್ತಾ, “ಬಡೀತೀನಿ ಸರ್. ಎಷ್ಟು ದೊಡ್ಡದಿದ್ರೂ ಬಡೀತೀನಿ” ಎಂದೆ. ಜಂಬಕ್ಕೇನೂ ಕಡಿಮೆ ಇರಲಿಲ್ಲ ನನಗೆ. ಬೆಂಗಳೂರು ಬಿಟ್ಟ ಮೇಲೆ ಮನೆಯಿಂದಲೇ ವಿದ್ಯಾರ್ಥಿಗಳ ಪ್ರಬಂಧಗಳನ್ನು ಟೈಪ್ ಮಾಡಿಕೊಡುತ್ತಿದ್ದೆ. ನನ್ನ ಗಂಡನ ಕೆಲಸ ಬೊಬ್ಲಿಂಗೆನ್ ಎಂಬ ದೂರದ ಊರಿನಲ್ಲಿ; ಸೋಮವಾರ ಹೋದರೆ ಶುಕ್ರವಾರ ಬರುವವರು. ವಾರವಿಡೀ ಮನೆಯಲ್ಲಿ ನಾನು, ನನ್ನ & ಚಿಹ್ನೆಗಳು, ಅಷ್ಟೇ.

ಅವರ ಮನೆ ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಒಳಗೆ ಹೋದರೆ ಒಗ್ಗರಣೆಯ ವಾಸನೆ, ಹೀಟರಿನ ಮೇಲೆ ಒಣಗಲು ಹಾಕಿದ ಟವೆಲ್ಲು. ಅವರು ಚೌಕುಳಿ ಹಾಳೆಗಳ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಪ್ರತಿ ಹಾಳೆಯ ನೆತ್ತಿಯ ಮೇಲೆ ಶ್ರೀ, ಕೆಳಗೆ ಜರ್ಮನ್, ನಡುವೆ ಅಂಕಿ. ಹಾಳೆಗಳನ್ನು ಮನೆಯಿಂದ ಹೊರಗೆ ಕಳಿಸಲು ಅವರಿಗೆ ಮನಸ್ಸಿರಲಿಲ್ಲ. ನಾನು ಫೋನಿನಲ್ಲಿ ಫೋಟೋ ತೆಗೆದುಕೊಂಡು ಬಂದು ಮನೆಯಲ್ಲಿ ಟೈಪ್ ಮಾಡುತ್ತಿದ್ದೆ. ಹೊರಡುವಾಗ ಅವರ ಹೆಂಡತಿ, ನಾನು ಅಮ್ಮಾ ಎಂದು ಕರೆಯುತ್ತಿದ್ದವರು, ಒಂದು ಸ್ಟೀಲ್ ಡಬ್ಬಿಯಲ್ಲಿ ಚಕ್ಕುಲಿಯನ್ನೋ ಹಚ್ಚಿದ ಅವಲಕ್ಕಿಯನ್ನೋ ತುಂಬಿ ಕೈಗಿಡುತ್ತಿದ್ದರು. ಮುಂದಿನ ಸಲ ಅದೇ ಡಬ್ಬಿಯಲ್ಲಿ ನಾನು ಏನಾದರೂ ಹಾಕಿಕೊಂಡು ಹೋಗುತ್ತಿದ್ದೆ. ಏನೂ ಮಾಡಲಾಗದ ವಾರ ಸಕ್ಕರೆ. ಹೀಗೆ ಸುಮಾರು ಎರಡು ವರ್ಷ ನಡೆಯಿತು.

ಇಡೀ ಲೇಖನ ಬಂದು ನಿಲ್ಲುತ್ತಿದ್ದದ್ದು ಒಂದು ಮ್ಯಾಟ್ರಿಕ್ಸಿನ ಮುಂದೆ. ಇಪ್ಪತ್ತೆರಡು ಅಡ್ಡ ಸಾಲು, ಇಪ್ಪತ್ತೆರಡು ಕಂಬ ಸಾಲು. ಯಾವುದೋ ಒಂದು ಯಾವುದರೊಳಗೋ ಎಷ್ಟು ಸಲ ಅಡಗಿದೆ ಎಂದು ಹೇಳುವ ಅಂಕಿಗಳಂತೆ ಅವು. ಅವರು ಎರಡು ಸಲ ವಿವರಿಸಿದರು, ನಾನು ಎರಡು ಸಲ ತಲೆಯಾಡಿಸಿದೆ. ಯೌವನದಲ್ಲಿ ಶುರು ಮಾಡಿದ ಪಟ್ಟಿ ಅದು. ಒಂದೊಂದು ಮನೆಗೆ ವರ್ಷಗಟ್ಟಲೆ ತೆತ್ತಿದ್ದಾರೆ ಎಂಬುದು ಮಾತ್ರ ನನಗೆ ಅರ್ಥವಾಗಿತ್ತು. ಸೊನ್ನೆಯ ಕಡೆ ಅವರು ಚುಕ್ಕೆ ಇಡುತ್ತಿದ್ದರು. ಪೆನ್ಸಿಲಿನ ಸಣ್ಣ ಚುಕ್ಕೆ, ನಡುಗುವ ಕೈ. ಫೋಟೋದಲ್ಲಿ ಎಷ್ಟೋ ಚುಕ್ಕೆಗಳು ಕಾಣುತ್ತಲೇ ಇರಲಿಲ್ಲ. ನಾನು ಹಿಗ್ಗಿಸಿ ಹಿಗ್ಗಿಸಿ ನೋಡಿ, ಚುಕ್ಕೆಯ ಮಸುಕು ಕಂಡಲ್ಲಿ ಸೊನ್ನೆ ಹಾಕುತ್ತಾ ಹೋದೆ. ಕೊನೆಗೆ ಮೂರು ಮನೆಗಳು ಉಳಿದವು. ಎಷ್ಟು ಹಿಗ್ಗಿಸಿದರೂ ಅಲ್ಲಿ ಬರೀ ಬಿಳಿ.

ಅಷ್ಟರಲ್ಲಿ ಅವರು ಆಸ್ಪತ್ರೆ ಸೇರಿದರು. ಎಂಬತ್ತು ತುಂಬುವ ಸಂದರ್ಭಕ್ಕೆಂದು ಹಳೆಯ ಸಹೋದ್ಯೋಗಿಗಳು ಒಂದು ಸಂಪುಟ ತರುತ್ತಿದ್ದರು. ಲೇಖನ ಅದಕ್ಕೆ ಹೋಗಬೇಕಿತ್ತು. ಗಡುವು ಮುಂದೆ ಹಾಕಿ ಎಂದು ಕೇಳಿದರೆ ಹಾಕುತ್ತಿದ್ದರೇನೋ. ನಾನು ಕೇಳಲಿಲ್ಲ. ಕೊಟ್ಟ ದಿನಕ್ಕೆ ಕೆಲಸ ಮುಗಿಸುವವಳು ಎಂಬ ಹೆಸರು ನನಗೆ ಮುಖ್ಯವಾಗಿತ್ತು. ಆ ಬುಧವಾರ ಮಧ್ಯಾಹ್ನ ಅಷ್ಟು ದೊಡ್ಡ ಮ್ಯಾಟ್ರಿಕ್ಸಿನಲ್ಲಿ ಆ ಮೂರು ಬಿಳಿ ತೂತುಗಳು ಹಲ್ಲು ಬಿದ್ದ ಬಾಯಿಯ ಹಾಗೆ ಕಂಡವು. ಖಾಲಿ ಇದ್ದಲ್ಲೆಲ್ಲ ಸೊನ್ನೆ ತುಂಬು ಎಂದು ಕಂಪ್ಯೂಟರಿಗೆ ಹೇಳಿದೆ. ‘ಮೂರು ಕಡೆ ಬದಲಾಯಿಸಲಾಗಿದೆ’ ಎಂದು ಅದು ಉತ್ತರ ಕೊಟ್ಟಿತು. ಕೆಳಗಿನ ಜರ್ಮನ್ ವಾಕ್ಯ, ಆ ಸಂಶೋಧಕಿ ಹೆಕ್ಕಿ ತೋರಿಸಿದ್ದು, ಅದನ್ನೂ ಟೈಪ್ ಮಾಡಿದವಳು ನಾನೇ. ಒಂದಕ್ಷರ ತಪ್ಪಿಲ್ಲದೆ ಮಾಡಿದ್ದೆ. ಓದಿರಲಿಲ್ಲ.

ಪ್ರಿಂಟ್ ತೆಗೆದುಕೊಂಡು ಮಾರನೆಯ ದಿನ ಆಸ್ಪತ್ರೆಗೆ ಹೋದೆ. ಅಮ್ಮ ಕಿಟಕಿಯ ಪಕ್ಕ ಕೂತು ಮೋಸಂಬಿ ಸುಲಿಯುತ್ತಿದ್ದರು. ಪ್ರೊಫೆಸರ್ ದಿಂಬಿಗೆ ಒರಗಿ ಕನ್ನಡಕ ಹಾಕಿಕೊಂಡು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ತೋರುಬೆರಳು ಸಾಲುಗುಂಟ ನಿಧಾನವಾಗಿ ಜಾರಿ ಹನ್ನೊಂದನೆಯ ಸಾಲಿನಲ್ಲಿ ನಿಂತಿತು. “ಇಲ್ಲೆ...” ಎಂದರು. ಅಷ್ಟರಲ್ಲಿ ನರ್ಸ್ ರಕ್ತದೊತ್ತಡ ನೋಡುವ ಪಟ್ಟಿ ಹಿಡಿದು ಒಳಗೆ ಬಂದಳು. ಅವಳು ಹೋದ ಮೇಲೆ ಅವರು ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ನೋಡಿ, “ಚಂದ ಆಗೇದ ತಂಗಿ” ಎಂದರು. ನಾನು ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದೆ. ನಾಲ್ಕು ದಿನಕ್ಕೆ ಅವರು ಹೋದರು.

ಪ್ರೂಫ್ ಬಂದಾಗ ಅವರಿರಲಿಲ್ಲ. ಅವರ ಪರವಾಗಿ ಸಹಿ ಹಾಕಿ ಕಳಿಸಿದವಳೂ ನಾನೇ. ಹುಟ್ಟುಹಬ್ಬದ ಸಂಪುಟ ನೆನಪಿನ ಸಂಪುಟವಾಯಿತು. ಅದನ್ನು ಬಿಡುಗಡೆ ಮಾಡಿದ ಸಂಜೆ ಅವರ ಹಳೆಯ ಸಹೋದ್ಯೋಗಿಯೊಬ್ಬರು ಮಾತನಾಡುತ್ತಾ, ಬಾಳಿನುದ್ದಕ್ಕೂ ಹಿಡಿದ ಪಟ್ಟಿಯನ್ನು ಪೂರ್ತಿ ಮುಗಿಸಿ ಹೋಗುವ ಭಾಗ್ಯ ಎಷ್ಟು ಗಣಿತಜ್ಞರಿಗೆ ಸಿಗುತ್ತದೆ ಎಂದರು. ಎಲ್ಲರೂ ಎದ್ದು ನಿಂತರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಆಮೇಲೆ ಅವರು ಮ್ಯಾಟ್ರಿಕ್ಸ್ ಇದ್ದ ಪುಟಕ್ಕೆ ಗಾಜಿನ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದರು. ಗಂಡನ ಫೋಟೋ ಇರಬೇಕಾದ ಜಾಗ ಅದು. ಗಂಧದ ಹಾರವನ್ನೂ ಅದಕ್ಕೇ ಹಾಕಿದ್ದರು. “ಫೋಟೋಕ್ಕ ಹಾರ ಹಾಕಿ ನೋಡೂದು ನನ್ನ ಕಡೆ ಆಗೂದಿಲ್ಲ ತಂಗಿ” ಎಂದಿದ್ದರು. “ಇದು ಇರ್ಲಿ. ಇದು ಅವರು ಮುಗಿಸಿದ್ದು.”

ನಾನು ಎರಡು ವಾರಕ್ಕೊಮ್ಮೆ ಗುರುವಾರ ಹೋಗಿ ಅವರ ಜೊತೆ ಕೂತು ಬರುತ್ತಿದ್ದೆ. ಡಬ್ಬಿಯ ಓಡಾಟ ನಿಂತಿರಲಿಲ್ಲ. ಆದರೆ ಹೋದಾಗಲೆಲ್ಲ ನಾನು ಆ ಕಟ್ಟಿನ ಕಡೆ ಬೆನ್ನು ಹಾಕಿ ಕೂರುವ ಕುರ್ಚಿಯನ್ನೇ ಆರಿಸಿಕೊಳ್ಳುತ್ತಿದ್ದೆ. ಬೆನ್ನಿನ ಹಿಂದೆ ಯಾರೋ ಬೆರಳು ಊರಿ ‘ಇಲ್ಲೆ’ ಎಂದ ಹಾಗಾಗುತ್ತಿತ್ತು. ಅಗಲಿದ ದುಃಖ ಹೀಗೆಯೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಬೇರೆಯವರ ಮ್ಯಾಟ್ರಿಕ್ಸ್ ಟೈಪ್ ಮಾಡುವಾಗಲೂ ಖಾಲಿ ಮನೆ ಬಂದರೆ ಕೈ ನಿಂತುಬಿಡುತ್ತಿತ್ತು. ಎರಡು & ನಡುವೆ ಕರ್ಸರ್ ಮಿನುಗುತ್ತಿದ್ದರೆ ಪಕ್ಕದ ಕೋಣೆಯಲ್ಲಿ ಪೆನ್ಸಿಲ್ ಕೆರೆಯುವ ಸದ್ದು ಕೇಳಿದಂತಾಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಇದ್ದದ್ದು ವಾಷಿಂಗ್ ಮೆಷಿನ್ ಮಾತ್ರ. ಎದ್ದು ಹೋಗಿ ನೋಡಿದ್ದೇನೆ, ಒಂದಲ್ಲ, ಹಲವು ಸಲ.

ಇದೆಲ್ಲ ಪತ್ರ ಬರುವ ಮುಂಚಿನ ಮಾತು. ಪತ್ರ ಬಂದ ಬೆಳಿಗ್ಗೆ ನಾನು ಹಳೆಯ ಫೈಲನ್ನು ತೆಗೆದೆ. ಹನ್ನೊಂದನೆಯ ಸಾಲಿಗೆ ಹೋದೆ. ಸಾಲಿನ ಕೊನೆಯಲ್ಲಿ ಒಂದು ಶೇಕಡಾ ಚಿಹ್ನೆ, ಅದರ ಮುಂದೆ ನನ್ನದೇ ಅಕ್ಷರ: ‘ಸರ್‌ನ ಕೇಳಬೇಕು. ಇಲ್ಲಿ ಚುಕ್ಕೆ ಕೂಡ ಇಲ್ಲ. ಬೇಕಂತಲೇ ಬಿಟ್ಟಿದ್ದಾರಾ?’

ಗೊತ್ತಾಗದೆ ಆದ ತಪ್ಪು ಎಂದು ಹೇಳಿಕೊಳ್ಳಲು ಒಂದು ದಾರಿಯಾದರೂ ಇರುತ್ತಿತ್ತು; ಅದನ್ನು ನಾನೇ ಮುಚ್ಚಿದ್ದೆ. ನನಗೆ ಅನುಮಾನ ಬಂದಿತ್ತು. ಬರೆದೂ ಇಟ್ಟಿದ್ದೆ. ಆಮೇಲೆ ಆಸ್ಪತ್ರೆಯಲ್ಲಿ ಅವರ ಎದುರೇ ಕೂತು, ಹೊಗಳಿಸಿಕೊಂಡು, ಕೇಳದೆ ಎದ್ದು ಬಂದಿದ್ದೆ. ಅಚ್ಚಿಗೆ ಬಾರದ ಆ ಸಾಲು ಹನ್ನೊಂದು ತಿಂಗಳು ನನ್ನ ಮೇಜಿನ ಮೇಲೆಯೇ ಇತ್ತು.

ಅಂದು ಮಧ್ಯಾಹ್ನ ಬೊಬ್ಲಿಂಗೆನ್ನಿಗೆ ಫೋನ್ ಮಾಡಿ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ಕ್ಯಾಂಟೀನಿನಲ್ಲಿದ್ದರು, ತಟ್ಟೆಗಳ ಸದ್ದು ಕೇಳುತ್ತಿತ್ತು. “ಜಸ್ಟ್ ತ್ರೀ ಝೀರೋಸ್ ಕಣೇ” ಎಂದರು. “ಆಥರ್ ಈಸ್ ನೋ ಮೋರ್ ಅಂತ ಒಂದು ಲೈನ್ ರಿಪ್ಲೈ ಮಾಡ್ಬಿಡು. ಇದನ್ನೆಲ್ಲ ಆ ಅಮ್ಮನ ಹತ್ರ ಹೇಳಿ ಯಾಕೆ ನೋಯಿಸ್ತೀಯ? ಅವ್ರಿಗೆ ಉಳಿದಿರೋದೇ ಅದೊಂದು.”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ನನಗೆ ಸಂಕಟ. ನಾನು ಬಾಯಿ ಬಿಟ್ಟರೆ ಅಮ್ಮನ ಗೋಡೆಯ ಮೇಲಿನದು ಮುಗಿದ ಕೆಲಸವಲ್ಲ ಎಂದಾಗುತ್ತದೆ. ಬಿಡದಿದ್ದರೆ ಯಾವುದೋ ಊರಿನಲ್ಲಿ ಒಬ್ಬಳು ತಾನು ಮಾಡದ ತಪ್ಪನ್ನು ಹುಡುಕುತ್ತಲೇ ಇರುತ್ತಾಳೆ. ಮೂರು ದಿನ ಉತ್ತರ ಬರೆಯಲಿಲ್ಲ. ಅನ್ನಕ್ಕೆ ಅಕ್ಕಿ ತೊಳೆಯುವಾಗ, ಬಾನ್‌ಗೆ, ಅಂದರೆ ಇಲ್ಲಿನ ಟ್ರಾಮಿಗೆ, ಕಾಯುವಾಗ, ಈಗಲೂ ಅವಳು ಹುಡುಕುತ್ತಿರಬಹುದು ಎನಿಸುತ್ತಿತ್ತು. ಎರಡನೆಯ ದಿನ ನಿಲ್ದಾಣದಲ್ಲಿ ಬೂದು ಟೋಪಿಯ ಒಬ್ಬ ಮುದುಕರು ಬೆನ್ನು ತಿರುಗಿಸಿ ನಿಂತಿದ್ದರು. ಅದೇ ಬಾಗಿದ ಹೆಗಲು. ನಾನು ಬಾನ್ ಬಿಟ್ಟು, ಅವರು ತಿರುಗುವವರೆಗೆ ಕಾದೆ. ಬೇರೆ ಯಾರೋ. ಅವರು ನನ್ನನ್ನು ನೋಡಿ ಮುಖ ಗಂಟಿಕ್ಕಿದರು.

ನಾಲ್ಕನೆಯ ದಿನ ಗುರುವಾರ. ಹಿಂದಿನ ಸಲದ ಡಬ್ಬಿಗೆ ಸಕ್ಕರೆ ಹಾಕಿದೆ. ಬೇರೆ ಏನು ಮಾಡಲೂ ಕೈ ಬಂದಿರಲಿಲ್ಲ. ಲ್ಯಾಪ್‌ಟಾಪನ್ನೂ ಚೀಲಕ್ಕೆ ಹಾಕಿಕೊಂಡು ಮೂರು ಮಹಡಿ ಹತ್ತಿದೆ.

“ಬಾ ತಂಗಿ, ಕೂಡು. ಚಾ ಇಡ್ತೀನಿ” ಎಂದರು ಅಮ್ಮ. ಅಂದು ನಾನು ಕಟ್ಟಿನ ಎದುರಿನ ಕುರ್ಚಿಯಲ್ಲಿ ಕೂತೆ. ಹಾರದ ನಡುವೆ ನನ್ನ ಸೊನ್ನೆಗಳು ಅಚ್ಚುಕಟ್ಟಾಗಿ ಕೂತಿದ್ದವು. ಚಹಾ ಬರುವವರೆಗೆ ತಡೆಯಲಾಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು, ಅವರ ಬೆನ್ನಿಗೇ ಹೇಳಿದೆ. ಮೂರು ಬಿಳಿ ಮನೆ, ಸೊನ್ನೆ, ನಾನು ಬರೆದಿಟ್ಟು ಕೇಳದೆ ಹೋದ ಪ್ರಶ್ನೆ, ಪತ್ರ. ಎಲ್ಲ. “ಅವರು ಮುಗಿಸಿರಲಿಲ್ಲಮ್ಮ. ಮುಗಿಸಿದ ಹಾಗೆ ಮಾಡಿದ್ದು ನಾನು” ಎಂದೆ.

ಅವರು ಸ್ಟವ್ ಆರಿಸಿದರು. ತಿರುಗಲಿಲ್ಲ. “ಗೊತ್ತದ” ಎಂದರು.

ನನಗೆ ಕೇಳಿಸಿದ್ದು ಅರ್ಥವಾಗಲಿಲ್ಲ. ಅವರು ಕೈ ಒರೆಸಿಕೊಂಡು ಒಳಗೆ ಹೋಗಿ, ಪ್ರೊಫೆಸರ್ ಅವರ ಹಳೆಯ ಕೈಚೀಲದಿಂದ ಒಂದು ಚೌಕುಳಿ ಹಾಳೆ ತಂದು ನನ್ನ ಕೈಗೆ ಕೊಟ್ಟರು. ನಾನು ಫೋಟೋ ತೆಗೆದುಕೊಂಡಿದ್ದ ಅದೇ ಹಾಳೆ. ಮೇಲೆ ಶ್ರೀ. “ಖಿಡಕಿ ಕಡೆ ಹಿಡದು ನೋಡು” ಎಂದರು.

ಹಿಡಿದೆ. ಫೆಬ್ರುವರಿಯ ಬೆಳಕು ಎಷ್ಟಿರುತ್ತದೆ, ಆದರೂ ಸಾಕಾಯಿತು. ಆ ಮೂರು ಮನೆಗಳಲ್ಲಿ ಕಾಗದ ತೆಳ್ಳಗಾಗಿ ಬೆಳಕು ಹಾದು ಬರುತ್ತಿತ್ತು. ಬರೆದು ಅಳಿಸಿ, ಬರೆದು ಅಳಿಸಿ, ರಬ್ಬರಿನಿಂದ ಉಜ್ಜಿ ಉಜ್ಜಿ ಸವೆಸಿದ್ದರು. ಒಂದರಲ್ಲಂತೂ ಇನ್ನೊಂದು ಸಲ ಉಜ್ಜಿದ್ದರೆ ಹಾಳೆ ಹರಿಯುತ್ತಿತ್ತು. ಫೋನಿನ ಫೋಟೋದಲ್ಲಿ ನನಗೆ ಕಂಡದ್ದು ಬರೀ ಬಿಳಿ. ಹಾಳೆಯನ್ನು ಒಂದು ಸಲ ಕೈಯಲ್ಲಿ ಹಿಡಿದು ಬೆರಳಾಡಿಸಿದ್ದರೂ ಗೊತ್ತಾಗುತ್ತಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಅಳು ಬಂತು.

“ನಂಗ ಮ್ಯಾಟ್ರಿಕ್ಸೂ ತಿಳಿಯೂದಿಲ್ಲ, ಗಿಟ್ರಿಕ್ಸೂ ತಿಳಿಯೂದಿಲ್ಲ” ಎಂದರು ಅಮ್ಮ. “ಆದ್ರ ಈ ಮೂರು ಮನಿ ನಂಗ ಗೊತ್ತವ. ಅವರು ಊಟಕ್ಕ ಕೂತಾಗೂ ಇವನ್ನ ನೋಡ್ತಿದ್ರು. ಪ್ರಶ್ನೆಚಿಹ್ನೆನಾದ್ರೂ ಹಾಕ್ರಿ ಅಂತ ಒಮ್ಮೆ ಅಂದಿದ್ದೆ. ಗೊತ್ತಿಲ್ಲದ್ದಕ್ಕ ಗುರ್ತು ಯಾಕ, ಹಂಗ ಇರ್ಲಿ ಅಂದ್ರು.”

“ಹಾಗಿದ್ರೆ ಅವತ್ತು ಆಸ್ಪತ್ರೆಯಲ್ಲಿ ಅವರಿಗೆ ಕಾಣಿಸ್ತಾಮ್ಮ?” ಹನ್ನೊಂದು ತಿಂಗಳಿಂದ ಬೆನ್ನ ಹಿಂದೆ ನಿಂತಿದ್ದ ಪ್ರಶ್ನೆ ಅದು.

“ಕಾಣಸ್ಲಾರದ ಏನು? ನೀ ಹೋದ ಮ್ಯಾಲೆ ಆ ಹಾಳಿ ಹಿಡಕೊಂಡು ನಕ್ರು. ಆಕಿಗೆ ಖಾಲಿ ಬಿಡ್ಲಿಕ್ಕೆ ಬರೂದಿಲ್ಲ ನೋಡು, ನಮ್ಮ ಡಬ್ಬಿ ತುಂಬಿ ಕೊಡೂಹಂಗ ಮೂರೂ ಮನಿ ತುಂಬಿ ತಂದಾಳ ಅಂದ್ರು. ಕರೀಲೇನು, ಇನ್ನೂ ಕೆಳಗ ಇರಬೇಕು ಅಂದೆ. ಬ್ಯಾಡ, ಅಷ್ಟು ಖುಷೀಲೆ ಹೋಗ್ಯಾಳ, ಈಗ ಹೇಳಬ್ಯಾಡ. ನಾ ಮನಿಗೆ ಬಂದು ತಿದ್ದತೀನಿ ಅಂದ್ರು.”

ನಾನು ಹಾಳೆಯನ್ನು ಮೇಜಿನ ಮೇಲಿಟ್ಟೆ. ಅವರೇ ಮುಂದುವರಿಸಿದರು. ದನಿ ಸಣ್ಣಗಾಗಿತ್ತು. “ಮನಿಗೆ ಬರ್ಲಿಲ್ಲ. ಆಮ್ಯಾಲೆ ಅಷ್ಟು ಮಂದಿ ಎದ್ದು ನಿಂತು, ಮುಗಿಸಿ ಹೋದ್ರು, ಮುಗಿಸಿ ಹೋದ್ರು ಅಂದಾಗ ನಂಗ ಕೇಳ್ಲಿಕ್ಕೆ ಚಲೋ ಅನಿಸ್ತು ತಂಗಿ. ಐವತ್ತು ವರ್ಷ ಅವರು ಮುಗಿಸೂದನ್ನ ಕಾಯ್ದಾಕಿ ನಾನು. ಅದಕ್ಕ ಸುಮ್ಮನಾದೆ. ನಿನ್ನೊಬ್ಬಾಕಿ ತಪ್ಪಲ್ಲ ಇದು.” ಅಷ್ಟು ಹೇಳಿ ಅವರೇ ಹೋಗಿ ಹಾರ ತೆಗೆದು, ಕಟ್ಟನ್ನು ಗೋಡೆಯಿಂದ ಇಳಿಸಿ, ಸೋಫಾದ ಮೇಲೆ ಮುಖ ಕೆಳಗೆ ಮಾಡಿ ಇಟ್ಟರು. “ಆ ಹುಡುಗಿಗೆ ಬರಿ. ಪಾಪ, ಐದು ತಿಂಗಳು ಅಂದ್ರ ಏನು ಸಣ್ಣ ಮಾತ?”

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಅಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಸಂಪುಟದ ಸಂಪಾದಕರಿಗೆ ಕಳಿಸಬೇಕಾದ ತಿದ್ದುಪಡಿಯ ಪುಟವನ್ನು ಮೊದಲು ಮಾಡಿದೆ. ಹನ್ನೊಂದನೆಯ ಸಾಲಿಗೆ ಹೋಗಿ ಸೊನ್ನೆಯ ಮುಂದೆ ಕರ್ಸರ್ ನಿಲ್ಲಿಸಿ ಅಳಿಸಿದೆ. & ಮತ್ತು & ನಡುವೆ ಏನೂ ಇಲ್ಲದಾಯಿತು.

“ಈಗ ಖಾಲಿ ಬಿಡ್ಲಿಕ್ಕೆ ಏನು ಬಡೀಬೇಕು?” ಎಂದು ಅಮ್ಮ ಕೇಳಿದರು.

“ಏನೂ ಇಲ್ಲಮ್ಮ. ಹೀಗೇ ಬಿಡೋದು.”

“ಹಂಗಾದ್ರ ಬಿಡು.”

ಉಳಿದ ಎರಡನ್ನೂ ಅಳಿಸಿದೆ. ಶೇಕಡಾ ಚಿಹ್ನೆಯ ಮುಂದಿದ್ದ ನನ್ನ ಸಾಲನ್ನು ಮಾತ್ರ ಅಳಿಸಲಿಲ್ಲ, ಅದು ಹಾಗೇ ಇರಲಿ ಎನಿಸಿತು. ಆಮೇಲೆ ಆ ಸಂಶೋಧಕಿಗೆ ಬರೆದೆ. ‘ನಿಮ್ಮಲ್ಲಿ ತಪ್ಪಿಲ್ಲ. ಪ್ರೊಫೆಸರ್ ಅವರಿಗೆ ಆ ಮೂರು ಸ್ಥಾನಗಳು ತಿಳಿದಿರಲಿಲ್ಲ, ಅವರು ಅವನ್ನು ಖಾಲಿ ಬಿಟ್ಟಿದ್ದರು. ಸೊನ್ನೆ ತುಂಬಿದವಳು ಟೈಪ್ ಮಾಡಿದ ನಾನು. ಅವರು ತೀರಿಕೊಂಡಿದ್ದಾರೆ. ಹುಡುಕುವುದನ್ನು ದಯವಿಟ್ಟು ನಿಲ್ಲಿಸಿ.’ ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವರು ಸ್ವಲ್ಪ ಯೋಚಿಸಿ, “ಒಂದು ಬಂದದ ಅಂತ ಬರದಾಳಲ್ಲ, ಅದು ಖರೇನ ಅಂತ ಕೇಳು. ಖರೇ ಆದ್ರ ನಂಗ ತಿಳಸ್ಲಿಕ್ಕೆ ಹೇಳು” ಎಂದರು. ಅದನ್ನೂ ಸೇರಿಸಿ ಕಳಿಸಿದೆ.

ಹೊರಡುವಾಗ ಐದೂವರೆ, ಹೊರಗೆ ಆಗಲೇ ಮಬ್ಬಾಗಿತ್ತು. ಕಟ್ಟು ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಸುತ್ತಲಿನದಕ್ಕಿಂತ ಒಂದಿಷ್ಟು ಬಿಳಿಯಾಗಿ ಉಳಿದಿತ್ತು. ಅಲ್ಲಿಗೆ ಪೆನ್ಸಿಲಿನ ಹಾಳೆಯನ್ನು ಕಟ್ಟು ಹಾಕಿಸುತ್ತೀರಾ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಅಮ್ಮ ನನ್ನ ಸಕ್ಕರೆಯನ್ನು ತಮ್ಮ ಡಬ್ಬಕ್ಕೆ ಸುರಿದುಕೊಂಡು, ಸ್ಟೀಲ್ ಡಬ್ಬಿಯನ್ನು ತೊಳೆದು, ಒರೆಸಿ, ಮುಚ್ಚಳ ಹಾಕಿ ಕೈಗೆ ಕೊಟ್ಟರು. ಹಗುರವಾಗಿತ್ತು. ನಾನು ಅವರ ಮುಖ ನೋಡಿದೆ.

“ಇವತ್ತ ಏನೂ ಹಾಕಿಲ್ಲ” ಎಂದರು. “ಹಂಗ ಒಯ್ಯಿ. ಮುಂದಿನ ಸಲ ಹಂಗ ತೊಗೊಂಡು ಬಾ.”

ಬಾನ್‌ನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ನಾ ಮನಿಗೆ ಬಂದು ತಿದ್ದತೀನಿ ಎಂಬ ಮಾತು ದಾರಿಯುದ್ದಕ್ಕೂ ಪ್ರೊಫೆಸರ್ ಅವರದೇ ದನಿಯಲ್ಲಿ ಕೇಳುತ್ತಿತ್ತು. ಮನೆಗೆ ಬಂದು ಬೀಗ ತೆಗೆದು, ದೀಪ ಹಾಕುವ ಮೊದಲು, ಬಾಗಿಲನ್ನು, ಹಿಂದೆ ಬರುವವರಿಗೆಂಬಂತೆ, ಒಂದು ಕ್ಷಣ ಹಾಗೇ ತೆರೆದು ಹಿಡಿದು ನಿಂತಿದ್ದೆ.